ಸ್ನಾನ ಮಾಡಲು ಬುರ್ಸಾಗೆ

ಟರ್ಕಿಗೆ ಹೋಗಿ ಬಂದೆ ಎಂದ ಕೂಡಲೇ ನಮ್ಮ ಸ್ಯಾನ್ ಡಿಯೇಗೊ ಕನ್ನಡಿಗರು ಕೇಳುವ ಮೊದಲ ಪ್ರಶ್ನೆ, "ಬಲೂನ್ ಹತ್ತಿದ್ರಾ ಆಂಟಿ?" ಹತ್ತಲಿಲ್ಲ. ಬಲೂನ್ ಹಾರಿಸುವ ಊರಿನ ಕಡೆಗೇ ಹೋಗಲಿಲ್ಲ. ನಾನು ಹೋಗಿದ್ದು ಸ್ನಾನ ಮಾಡುವುದಕ್ಕೆ. ಹಾಗೆಂದಾಗ ಕೇಳಿದವರ ಮುಖ ನೋಡಬೇಕು. ಪಾಪ, ಇವರ ಮನೆಯಲ್ಲಿ ವಾಟರ್ ಹೀಟರ್ ಕೆಟ್ಟಿತ್ತೇನೋ ಎನ್ನುವ ಹಾಗೆ ನೋಡುತ್ತಾರೆ.

ಹೀಟರ್ ಚೆನ್ನಾಗಿಯೇ ಇತ್ತು. ಕೆಟ್ಟಿದ್ದು ಮಗಳಿಗೆ ನನ್ನ ಕಾಲುಗಳ ಮೇಲಿದ್ದ ನಂಬಿಕೆ.

ಲಾಸ್ ಏಂಜಲೀಸ್

ಅದಕ್ಕೂ ಹಿಂದಿನ ಬೇಸಿಗೆಯಲ್ಲಿ ರಾಂಚೊ ಬರ್ನಾರ್ಡೊದ ನನ್ನ ಫ್ಲ್ಯಾಟಿನ ಬಾತ್‌ರೂಮಿನಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದೆ. ಬಾಗಿಲಿಗೆ ಒಳಗಿನಿಂದ ಚಿಲಕ, ಫೋನ್ ಅಡಿಗೆಮನೆಯಲ್ಲಿ. ಮಗಳು ಅನಿತಾ ಕರ್ನಿ ಮೆಸಾದ ಆಫೀಸು ಮುಗಿಸಿ ಮನೆಗೆ ಹೋಗುವ ಮೊದಲು ಒಮ್ಮೊಮ್ಮೆ ಇಷ್ಟು ದೂರ ಬಂದು ಇಣುಕುತ್ತಾಳೆ. ಅವತ್ತು ಬಂದಳು. ಬರದಿದ್ದರೆ ಏನಾಗುತ್ತಿತ್ತು ಎಂಬ ವಿಷಯದಲ್ಲಿ ನಮ್ಮಿಬ್ಬರಿಗೂ ಇಂದಿಗೂ ಒಮ್ಮತವಿಲ್ಲ. ನಾನು ಹೇಗೋ ತೆವಳಿಕೊಂಡು ಹೊರಗೆ ಬರುತ್ತಿದ್ದೆ ಎನ್ನುತ್ತೇನೆ. ಅವಳು ಕಣ್ಣು ಮುಚ್ಚಿಕೊಂಡು ತಲೆ ಅಲ್ಲಾಡಿಸುತ್ತಾಳೆ.

ಕೈಯ ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಬಾಗಿಲಿನ ಚಿಲಕ ಮಾಯವಾಗಿತ್ತು. ಜೊತೆಗೆ ಒಂದು ಕರಾರು. ಇನ್ನೊಂದು ಸಲ ಬಿದ್ದರೆ ಫ್ಲ್ಯಾಟ್ ಬಿಟ್ಟು ಅವರ ಮನೆಯ ಕೆಳಗಿನ ಬೆಡ್‌ರೂಮಿಗೆ ಬರಬೇಕು, ನೋ ಆರ್ಗ್ಯುಮೆಂಟ್. ನೋವಿನ ಮಾತ್ರೆಯ ಮಂಪರಿನಲ್ಲಿ ನಾನೂ "ಓಕೆ" ಅಂದುಬಿಟ್ಟಿದ್ದೆ.

ಅವರ ಮನೆ ಕೆಟ್ಟದ್ದೇನಲ್ಲ. ಅಳಿಯ ಬಂಗಾರದಂಥ ಹುಡುಗ. ಆದರೆ ನನ್ನ ಕಥೆ ಕೇಳಿ. ಚಿಕ್ಕಂದಿನಲ್ಲಿ ಮೈಸೂರಿನ ಕಾನ್ವೆಂಟ್ ಬೋರ್ಡಿಂಗು, ಆಮೇಲೆ ಅತ್ತೆಮನೆ, ಆಮೇಲೆ ರೆಡೊಂಡೊ ಬೀಚಿನಲ್ಲಿ ನಮ್ಮವರ ಏರೋಸ್ಪೇಸ್ ನೌಕರಿಗೆ ಹತ್ತಿರವಾದ ಮನೆ. ಎಲ್ಲ ಕಡೆ ಬಾಗಿಲು ಯಾರದೋ, ಬೀಗದ ಕೈ ಯಾರದೋ. ನಮ್ಮವರು ತೀರಿಕೊಂಡ ಮೇಲೆ ಈ ಪುಟ್ಟ ಫ್ಲ್ಯಾಟಿಗೆ ಬಂದೆ. ಬಂದ ಮೊದಲ ಸಂಜೆ ಬಾಗಿಲು ಹಾಕಿಕೊಂಡು ಸುಮ್ಮನೆ ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದೆ. ದುಃಖವೂ ಇತ್ತು. ಆದರೆ ಸುಳ್ಳು ಯಾಕೆ ಹೇಳಲಿ, ಜೀವನದಲ್ಲಿ ಮೊದಲ ಸಲ ಒಂದು ಬಾಗಿಲು ಪೂರ್ತಿ ನನ್ನದಾಗಿತ್ತು. ಅದನ್ನು ಒಂದು ಜಾರುವಿಕೆಗೆ ಒತ್ತೆ ಇಡುವುದೆಂದರೇನು?

ಆಗ ಜುಬೇದಾಳ ಫೋನ್ ಬಂತು. ಜುಬೇದಾ ರೆಡೊಂಡೊ ಬೀಚಿನಲ್ಲಿ ನನ್ನ ಹಳೆಯ ನೆರೆಯವಳು, ಅವಳೂ ಮೈಸೂರಿನವಳೇ, ಅವಳೂ ಈಗ ಒಂಟಿ. "ಲಲ್ಲಿ, ಚಳಿಗಾಲದಲ್ಲಿ ಟರ್ಕಿಗೆ ಹೋಗಿ ಅಲ್ಲಿನ ಹಮಾಮಿನಲ್ಲಿ ಹಬೆಸ್ನಾನ ಮಾಡೋಣ ಬಾರೇ," ಅಂದಳು. "ಅಲ್ಲಿ ಕಲ್ಲೇ ಬೆಚ್ಚಗಿರುತ್ತಂತೆ. ಮಲ್ಕೊಂಡ್ರೆ ಸಾಕು, ಅವರೇ ಉಜ್ಜಿ ಉಜ್ಜಿ ಹೊಸಬರನ್ನ ಮಾಡಿ ಕಳಿಸ್ತಾರಂತೆ."

ಅನಿತಾಗೆ ಹೇಳಿದಾಗ ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ಅವಳು ಲ್ಯಾಪ್‌ಟಾಪ್ ಮುಚ್ಚುವುದು ಭೂಕಂಪವಾದಾಗ ಮಾತ್ರ.

"ಒದ್ದೆ ಮಾರ್ಬಲ್ ಮೇಲಾ? ಮಮ್ಮಿ, ಆನ್ ಪರ್ಪಸ್?"

"ಹೌದು, ಆನ್ ಪರ್ಪಸ್."

"ಅಲ್ಲಿ ಬಿದ್ರೂ ಡೀಲ್ ಈಸ್ ಎ ಡೀಲ್."

"ಗೊತ್ತು."

ಲಾಸ್ ಏಂಜಲೀಸ್ ಏರ್‌ಪೋರ್ಟಿಗೆ ಬಂದರೆ ನನ್ನ ಹೆಸರಿಗೆ ಒಂದು ವೀಲ್‌ಚೇರ್ ಕಾದು ನಿಂತಿತ್ತು, ಅನಿತಾ ಆನ್‌ಲೈನಿನಲ್ಲಿ ಬುಕ್ ಮಾಡಿದ್ದಳು. ನಾನು ಕೂರಲಿಲ್ಲ. ಜುಬೇದಾ ಮೊಣಕೈಯಲ್ಲಿ ತಿವಿದಳು. "ಕೂತ್ಕೊಳ್ಳೇ, ಸೆಕ್ಯೂರಿಟಿ ಕ್ಯೂ ತಪ್ಪತ್ತೆ! ನಿಂದು ಅಹಂಕಾರ, ನೋಯೋದು ನನ್ನ ಮಂಡಿ." ಕೊನೆಗೆ ಅದರಲ್ಲಿ ನಮ್ಮ ಬ್ಯಾಗುಗಳನ್ನು ಕೂರಿಸಿದೆವು. ತಳ್ಳುವ ಹುಡುಗಿ ಅತ್ಯಂತ ಗಂಭೀರವಾಗಿ ಎರಡು ಬ್ಯಾಗುಗಳನ್ನು ಗೇಟಿನವರೆಗೆ ತಳ್ಳಿಕೊಂಡು ಬಂದಳು. ನಾವು ಹಿಂದೆ ಹಿಂದೆ.

ಇಸ್ತಾಂಬುಲ್

ನಮ್ಮ ಸ್ಯಾನ್ ಡಿಯೇಗೊದಲ್ಲಿ ಚಳಿಗಾಲವೆಂದರೆ ಒಂದು ಸ್ವೆಟರಿನ ನೆಪ. ಇಸ್ತಾಂಬುಲ್‌ನ ಜನವರಿ ಹಾಗಲ್ಲ. ಸಮುದ್ರದಿಂದ ಬರುವ ಮಳೆಗಾಳಿ ಕೋಟಿನ ಗುಂಡಿಗಳ ನಡುವೆ ಬೆರಳು ತೂರಿಸಿ ನೋಡುತ್ತದೆ. ಬೀದಿಗಳೆಲ್ಲ ಇಳಿಜಾರು, ಹಾಸುಗಲ್ಲೆಲ್ಲ ಒದ್ದೆ. ಹಳೆಯ ಮಸೀದಿಗಳ ಬೂದುಬಣ್ಣದ ಗುಮ್ಮಟಗಳು ಮಂಜಿನಲ್ಲಿ ಒಂದರ ಹೆಗಲ ಮೇಲೊಂದು ಕೂತ ಹಾಗೆ ಕಾಣುತ್ತವೆ. ಅಂಗಡಿ, ಮಸೀದಿ, ಬ್ಯಾಂಕು, ಎಲ್ಲಿ ನೋಡಿದರೂ ಬೆಕ್ಕುಗಳು, ಒಳಗೆ ಬರಲು ಯಾರ ಅಪ್ಪಣೆಯೂ ಬೇಡದವು. ನನಗೆ ಬಹಳ ಇಷ್ಟವಾದವು.

ಇಷ್ಟವಾಗದ್ದು ಅಲ್ಲಿಯ ಜನರ ಒಂದು ಅಭ್ಯಾಸ. ತಲೆ ಬೆಳ್ಳಗಿದ್ದವರನ್ನು ಕಂಡರೆ ಹಿಡಿದುಕೊಳ್ಳುತ್ತಾರೆ! ಕ್ಯಾಲಿಫೋರ್ನಿಯಾದಲ್ಲಿ ಮುದುಕಿ ಎಡವಿದರೆ ದೂರದಲ್ಲೇ ನಿಂತು, ಕೈ ಜೇಬಿನಲ್ಲಿಟ್ಟುಕೊಂಡು, "ಆರ್ ಯೂ ಓಕೆ, ಮ್ಯಾಮ್?" ಎನ್ನುತ್ತಾರೆ. ಮುಟ್ಟಿದರೆ ಎಲ್ಲಿ ಕೇಸ್ ಹಾಕುತ್ತಾಳೋ ಎಂಬ ಭಯ. ಇಲ್ಲಿ ನಾನು ಎಡವುವುದಕ್ಕೆ ಮುಂಚೆಯೇ, "ತೇಯ್ಜೆ, ತೇಯ್ಜೆ" ಎನ್ನುತ್ತ ಯಾರೋ ತೋಳು ಹಿಡಿದಿರುತ್ತಿದ್ದರು. ತೇಯ್ಜೆ ಎಂದರೆ ಅಮ್ಮನ ಅಕ್ಕತಂಗಿ, ನಮ್ಮ ಆಂಟಿ ಇದ್ದ ಹಾಗೆ. ಟ್ರಾಮಿನಲ್ಲಿ ಒಬ್ಬ ಮೀಸೆಯ ಮಹಾಶಯ ನನ್ನನ್ನು ಎತ್ತಿಯೇ ಸೀಟಿನಲ್ಲಿ ಕೂರಿಸಿದ. ನಾನು ನನ್ನ ಅತ್ಯುತ್ತಮ ಕಾನ್ವೆಂಟ್ ಇಂಗ್ಲಿಷಿನಲ್ಲಿ, "ಥ್ಯಾಂಕ್ ಯೂ, ಐ ಕ್ಯಾನ್ ಮ್ಯಾನೇಜ್," ಎಂದರೆ ಅವನು ಎದೆಯ ಮೇಲೆ ಕೈಯಿಟ್ಟು ತಲೆಬಾಗಿದ. ಹೊಗಳಿದೆ ಎಂದುಕೊಂಡನೋ ಏನೋ.

ಹಳೆಯ ಊರಿನ ಒಂದು ಹಮಾಮಿಗೆ ಹೋದೆವು. ಹೊರಗಿನ ಹಜಾರದಲ್ಲಿ ಮರದ ಗ್ಯಾಲರಿ, ನಡುವೆ ಕಾರಂಜಿ, ಚಹಾದ ವಾಸನೆ. ಒಳಬಾಗಿಲು ತೆರೆದಾಗ ಹಬೆಯ ನಡುವೆ ನೆಲ ಕಂಡಿತು. ಬಿಳಿಯ ಅಮೃತಶಿಲೆ, ಮೇಲೆಲ್ಲ ನೀರು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನನ್ನ ಕಾಲು ಹೊಸ್ತಿಲಲ್ಲೇ ನಿಂತುಬಿಟ್ಟಿತು. "ನೀನು ಹೋಗು, ನಂಗ್ಯಾಕೋ ಗಂಟಲು ಸರಿಯಿಲ್ಲ," ಅಂದೆ. ಜುಬೇದಾ ಒಳಗೆ ಹೋದಳು. ನಾನು ಹಜಾರದಲ್ಲಿ ಕೂತು ಚಹಾದ ಮೇಲೆ ಚಹಾ ಕುಡಿದೆ.

ಅವಳು ಹೊರಗೆ ಬಂದಾಗ ಬೇಯಿಸಿದ ಬೀಟ್‌ರೂಟಿನ ಬಣ್ಣ. ಟವೆಲ್ ಸುತ್ತಿದ ತಲೆಯನ್ನು ಓರೆ ಮಾಡಿ ನನ್ನನ್ನೇ ನೋಡಿದಳು.

"ಸಿನಿಮಾ ಟಿಕೆಟ್ ತಗೊಂಡು ಥಿಯೇಟರ್ ಹೊರಗೆ ಕಡಲೆಕಾಯಿ ತಿಂತಾ ಕೂತೋಳನ್ನ ಇವತ್ತೇ ನೋಡಿದ್ದು ಕಣೇ."

"ಗಂಟಲು..."

"ಗಂಟಲಂತೆ! ಅನಿತಾ ಸ್ಯಾನ್ ಡಿಯೇಗೊದಲ್ಲಿಲ್ಲ, ನಿನ್ ತಲೆ ಒಳಗೆ ಕೂತವ್ಳೆ. ಅವಳ್ಗೂ ಒಂದು ಟಿಕೆಟ್ ತಗೋಬೇಕಿತ್ತು ನೀನು."

ಅವತ್ತು ರಾತ್ರಿ ನನಗೆ ಊಟ ರುಚಿಸಲಿಲ್ಲ. ಬಿದ್ದಿರಲಿಲ್ಲ, ನಿಜ. ಆದರೆ ಆ ಹೊಸ್ತಿಲಿನಲ್ಲಿ ನಿಂತ ಹೆಂಗಸು ಫ್ಲ್ಯಾಟಿನಲ್ಲಿ ಒಬ್ಬಳೇ ಇರಲು ಯೋಗ್ಯಳೇ? ಬೀಳಬಾರದೆಂದು ಎಲ್ಲಿಗೂ ಕಾಲಿಡದೆ ಕೂತರೆ, ಕೆಳಗಿನ ಬೆಡ್‌ರೂಮಿಗೆ ನಾನು ಆಗಲೇ ಹೋಗಿ ಸೇರಿದ ಹಾಗೆ ತಾನೆ?

ಬುರ್ಸಾ

ಬುರ್ಸಾಗೆ ಹೋಗಲು ಮೊದಲು ದೋಣಿ, ಆಮೇಲೆ ಬಸ್ಸು. ದೋಣಿಯ ಹಿಂದೆ ಕಡಲಹಕ್ಕಿಗಳ ಹಿಂಡು. ಜನ ಎಳ್ಳು ಹಚ್ಚಿದ ಬಳೆಬ್ರೆಡ್ಡನ್ನು ಅರ್ಧ ತಾವು ತಿಂದು ಅರ್ಧ ಹಕ್ಕಿಗೆ ಎಸೆಯುತ್ತಾರೆ. ಊರಿನ ನೆತ್ತಿಯ ಮೇಲೆ ಹಿಮ ಹೊದ್ದ ಬೆಟ್ಟ. ಆ ಬೆಟ್ಟದ ಬುಡದಿಂದಲೇ ಕುದಿಯುವ ನೀರು ತಾನಾಗಿ ಉಕ್ಕಿ ಬರುತ್ತದೆ. ಮೇಲೆ ಮಂಜುಗಡ್ಡೆ, ಕೆಳಗೆ ಹಂಡೆಯ ನೀರು. ದೊಡ್ಡ ಮಸೀದಿಯ ನಟ್ಟನಡುವೆ, ಛಾವಣಿಯ ಕೆಳಗೇ, ಒಂದು ಕಾರಂಜಿ ಸದ್ದು ಮಾಡುತ್ತಿತ್ತು. ಈ ಊರಿಗೆ ನೀರೆಂದರೆ ಪ್ರಾಣ ಎಂದು ಆಗಲೇ ಗೊತ್ತಾಯಿತು.

ರೇಷ್ಮೆಯೂ ಇಲ್ಲಿಯ ಹಳೆಯ ಕಸುಬು. ಹಿಂದೆ ವ್ಯಾಪಾರಿಗಳು ತಂಗುತ್ತಿದ್ದ ಕಲ್ಲಿನ ಛತ್ರದಲ್ಲಿ ಈಗ ಸಾಲಾಗಿ ರೇಷ್ಮೆ ಅಂಗಡಿಗಳು. ಜುಬೇದಾ ಪ್ರತಿಯೊಂದನ್ನೂ ಬೆರಳುಗಳ ನಡುವೆ ಉಜ್ಜಿ, "ನಮ್ಮ ಮೈಸೂರ್ ಸಿಲ್ಕ್ ಮುಂದೆ ಇದೇನೂ ಅಲ್ಲ," ಎಂದು ಕನ್ನಡದಲ್ಲೇ ತೀರ್ಪು ಕೊಡುತ್ತ ಕೈತುಂಬ ಸ್ಕಾರ್ಫ್ ಕೊಂಡಳು.

ಮರುದಿನ ಬೆಳಿಗ್ಗೆ ನಾನೇ ಮೊದಲು ಎದ್ದೆ. "ಇವತ್ತು ಹಮಾಮು," ಅಂದೆ. ಜುಬೇದಾ ಒಂದು ಕಣ್ಣು ತೆರೆದಳು. "ಗಂಟಲು?" "ಗಂಟಲಿಗೆ ಬೆಂಕಿ ಹಾಕು."

ಇಲ್ಲಿ ನಾವಿಬ್ಬರೂ ಒಂದು ಕೆಲಸ ಮಾಡಿದೆವು. ಮೈಸೂರಿನ ಹೆಂಗಸರು ಮಾತ್ರ ಮಾಡಬಹುದಾದ ಕೆಲಸ. ಬ್ಯಾಗಿನಿಂದ ಬಾಟಲಿ ತೆಗೆದು ಕೊಬ್ಬರಿ ಎಣ್ಣೆಗೆ ಹರಳೆಣ್ಣೆ ಬೆರೆಸಿ ನೆತ್ತಿಯಿಂದ ಅಂಗಾಲಿನವರೆಗೆ ಬಳಿದುಕೊಂಡೆವು. ಇಷ್ಟು ದೂರ ಬಂದು, ಇಷ್ಟು ದೊಡ್ಡ ಬಚ್ಚಲುಮನೆಗೆ ಹೋಗಿ, ಎಣ್ಣೆ ಹಚ್ಚಿಕೊಳ್ಳದೆ ಸ್ನಾನ ಮಾಡುವುದೇ? ಹೋದ ಸಲ ಜುಬೇದಾ ಎಣ್ಣೆ ಮರೆತಿದ್ದಳು, ಅದೇ ಅವಳಿಗೆ ಕೊರಗು. ನನ್ನ ಕೈಚೀಲದಲ್ಲಿ ಸೀಗೆಪುಡಿಯೂ ಇತ್ತು.

ಹಮಾಮಿನಲ್ಲಿ ನಮಗೆ ಚೌಕುಳಿಯ ತೆಳು ಪಂಚೆಗಳನ್ನು ಕೊಟ್ಟರು. ಬೋರ್ಡಿಂಗಿನಲ್ಲಿ ನಾವು ಸ್ನಾನವನ್ನೂ ಪೆಟಿಕೋಟ್ ಹಾಕಿಕೊಂಡೇ ಮಾಡಬೇಕಿತ್ತು. ಗಾಡ್ ಈಸ್ ವಾಚಿಂಗ್, ಗರ್ಲ್ಸ್, ಎಂದು ಸಿಸ್ಟರ್ ಬಾಗಿಲಾಚೆಯಿಂದ ಕೂಗುತ್ತಿದ್ದರು. ಇಲ್ಲಿ ಪಂಚೆಯೂ ನೆಪಕ್ಕೆ. ಒಳಗೆ ಎಲ್ಲ ವಯಸ್ಸಿನ, ಎಲ್ಲ ಗಾತ್ರದ ಹೆಂಗಸರು ಸೊಂಟದ ಮೇಲೆ ಏನೂ ಇಲ್ಲದೆ, ತರಕಾರಿ ಕೊಳ್ಳುವವರ ಸಲೀಸಿನಲ್ಲಿ ಮಾತಾಡುತ್ತ ಕೂತಿದ್ದರು. ನಡುವೆ ಬಿಸಿಯಾದ ದೊಡ್ಡ ಕಲ್ಲಿನ ಜಗಲಿ. ಗೋಡೆಯ ಸುತ್ತ ಅಮೃತಶಿಲೆಯ ತೊಟ್ಟಿಗಳು, ತುಂಬಿ ಹರಿಯುತ್ತಲೇ ಇರುತ್ತವೆ. ಮೊಗೆಯಲು ಚೊಂಬು, ನಮ್ಮ ಚೊಂಬೇ! ಗುಮ್ಮಟದ ತುಂಬ ದುಂಡನೆಯ ಗಾಜಿನ ಕಿಂಡಿಗಳು. ಅವನ್ನು ಆನೆಗಣ್ಣು ಎನ್ನುತ್ತಾರಂತೆ. ಒಂದೊಂದು ಕಣ್ಣಿನಿಂದಲೂ ಒಂದೊಂದು ಬೆಳಕಿನ ಕೋಲು ಹಬೆಯೊಳಗೆ ಇಳಿದಿತ್ತು.

ಉಜ್ಜುವ ಹೆಂಗಸು ನೆರಿಮಾನ್, ಗಟ್ಟಿಮುಟ್ಟಾದ ಆಳು, ಕೈಗೆ ಒರಟು ಚೀಲ ತೊಟ್ಟುಕೊಂಡು ಬಂದಳು. ನನ್ನ ಭುಜ ಮುಟ್ಟಿದಳು. ಬೆರಳು ಮೂಸಿದಳು. ಆಮೇಲೆ ಗುಮ್ಮಟ ಹಾರುವ ಹಾಗೆ ಕೂಗಿದಳು. ನಾಲ್ಕಾರು ಹೆಂಗಸರು ಎದ್ದುಬಂದು ನನ್ನನ್ನೂ ಜುಬೇದಾಳನ್ನೂ ಮುಟ್ಟಿ ಮೂಸಿ ನೋಡಿದರು. ತಾಯಿಯ ಜೊತೆ ಸ್ನಾನಕ್ಕೆ ಬಂದಿದ್ದ ಸೆವ್ದಾ ಎಂಬಾಕೆ ಬ್ಯಾಂಕಿನ ಆಫೀಸರ್, ಇಂಗ್ಲಿಷ್ ಬಲ್ಲವಳು. ನಗು ತಡೆದುಕೊಂಡು ಹೇಳಿದಳು, "ನೀವು ಸ್ನಾನಕ್ಕೆ ಬಂದಿದ್ದೀರಾ, ಬಾಣಲೆಗೆ ಹೊರಟಿದ್ದೀರಾ ಅಂತ ಕೇಳುತ್ತಿದ್ದಾಳೆ."

ಹಮಾಮಿನ ನಿಯಮವೇ ಬೇರೆ. ಹಬೆಯಲ್ಲಿ ಚರ್ಮ ಮೆತ್ತಗಾಗಬೇಕು. ಆಮೇಲೆ ಆ ಒರಟು ಚೀಲ ಹಿಡಿದು ಎಳೆದರೆ ಸತ್ತ ಚರ್ಮ ಸುರುಳಿಯಾಗಿ ಬರಬೇಕು. ಎಣ್ಣೆಯಿದ್ದರೆ ಚೀಲ ಜಾರುತ್ತದೆ, ಏನೂ ಬರುವುದಿಲ್ಲ. ನಮಗೆ ಎಣ್ಣೆಯಿಲ್ಲದ್ದು ಸ್ನಾನವಲ್ಲ, ಅವರಿಗೆ ಎಣ್ಣೆಯಿದ್ದರೆ ಸ್ನಾನವೇ ಆಗುವುದಿಲ್ಲ. ಎರಡು ದೊಡ್ಡ ನಾಗರಿಕತೆಗಳು ನಮ್ಮಿಬ್ಬರ ಬೆನ್ನಿನ ಮೇಲೆ ಡಿಕ್ಕಿ ಹೊಡೆದಿದ್ದವು.

ನೆರಿಮಾನ್ ಸಾಬೂನು ಕೊಟ್ಟು ತೊಟ್ಟಿಯ ಕಡೆ ಬೆರಳು ತೋರಿಸಿದಳು. ಸಾಬೂನಿಗೆ ಅವರೂ ಸಾಬೂನ್ ಎಂದೇ ಅನ್ನುತ್ತಾರೆ. ಉಜ್ಜಿಕೊಂಡೆ, ಸುರಿದುಕೊಂಡೆ, ಎಣ್ಣೆಯೂ ನೊರೆಯೂ ಕಾಲ ಕೆಳಗೆ ಹರಿದವು. ಎದ್ದು ನಿಂತೆ. ನೆರಿಮಾನ್ ಕೈ ಚಾಚಿದಳು.

"ನೋ, ನೋ. ಐ ಕ್ಯಾನ್ ಮ್ಯಾನೇಜ್," ಅಂದೆ.

ಮ್ಯಾನೇಜ್ ಆಗಲಿಲ್ಲ. ಕಾಲು ಒಂದು ಕಡೆ, ಪಂಚೆ ಒಂದು ಕಡೆ, ನಾನು ದೊಪ್ಪೆಂದು ಸೊಂಟದ ಮೇಲೆ. ಚೊಂಬು ಉರುಳಿದ ಸದ್ದು ಗುಮ್ಮಟದಲ್ಲೆಲ್ಲ ಸುತ್ತಿ ಬಂತು. ನೋವಿಗಿಂತ ಮೊದಲು ನೆನಪಾದದ್ದು ಮೂಳೆಯಲ್ಲ, ನನ್ನ ಫ್ಲ್ಯಾಟು. ಮುಗಿಯಿತು, ಅಂದುಕೊಂಡೆ.

ಇನ್ನು ಎಲ್ಲರೂ ಕಿರುಚುತ್ತಾರೆ, ಆಂಬ್ಯುಲೆನ್ಸ್ ಬರುತ್ತದೆ, ಈ ವಯಸ್ಸಿನಲ್ಲಿ ಇವಳಿಗೆ ಇದೆಲ್ಲ ಬೇಕಿತ್ತೇ ಎನ್ನುತ್ತಾರೆ ಎಂದು ಕಣ್ಣು ಮುಚ್ಚಿದೆ. ಯಾರೂ ಕಿರುಚಲಿಲ್ಲ. ನೆರಿಮಾನ್ ಮೊಣಕಾಲೂರಿ ಕೂತು ನನ್ನ ಸೊಂಟ, ತೊಡೆ, ಮೊಣಕೈ ಒತ್ತಿ ನೋಡಿ, ಪಾದ ಅಲ್ಲಾಡಿಸಿ, ಸರಿಯಿದೆ ಎನ್ನುವ ಹಾಗೆ ತಲೆಯಾಡಿಸಿದಳು. ಯಾರೋ ಪಂಚೆ ಹೊದಿಸಿದರು. ಯಾರೋ ಕಿತ್ತಳೆ ಸುಲಿದು ತೊಳೆ ನನ್ನ ಬಾಯಿಗೇ ಇಟ್ಟರು. ಜುಬೇದಾ ಮಾತ್ರ, "ಯಾ ಅಲ್ಲಾ, ಲಲ್ಲಿ, ಮಾತಾಡೇ!" ಎಂದು ಅಳುತ್ತಿದ್ದಳು.

ಆಗ ಸೆವ್ದಾಳ ತಾಯಿ, ಬೆನ್ನು ಪೂರ್ತಿ ಬಾಗಿದ ಮುದುಕಿ, ನನ್ನ ಎದುರು ಬಂದು ಕೂತು ತನ್ನ ಗದ್ದ ಮೇಲೆತ್ತಿದಳು. ಕೆಳಗೆ ಒಂದು ಹಳೆಯ ಗಾಯದ ಗೆರೆ. ಬಾಗಿಲ ಕಡೆ ತೋರಿಸಿದಳು.

"ಅಮ್ಮ ಅಲ್ಲಿ ಬಿದ್ದಿದ್ದರು, ಮದುವೆಗೆ ಮುಂಚಿನ ಸ್ನಾನದಲ್ಲಿ," ಅಂದಳು ಸೆವ್ದಾ. "ಮದುವೆಯ ಫೋಟೋದಲ್ಲಿ ಪಟ್ಟಿ ಕಟ್ಟಿಕೊಂಡೇ ಇದ್ದಾರೆ."

ಇನ್ನೊಬ್ಬಳು ಮಂಡಿ ತೋರಿಸಿದಳು. ಮತ್ತೊಬ್ಬಳು ಮೊಣಕೈ. ಜಗಲಿಯ ಮೇಲೆ ಮಲಗಿದ್ದವಳು ಏಳಲಾರದೆ ಕಾಲೊಂದನ್ನೇ ಎತ್ತಿ ಹಿಮ್ಮಡಿ ತೋರಿಸಿದಳು. ನೆರಿಮಾನ್ ತನ್ನ ಮುಂದಿನ ಹಲ್ಲು ತೋರಿಸಿ ಬೆರಳಿನಿಂದ ಟಕ್ಕೆಂದು ಬಡಿದಳು, ಕಟ್ಟಿಸಿದ ಹಲ್ಲು. ಯಾರು ಎಲ್ಲಿ ಬಿದ್ದರು, ಯಾರು ಹೆಚ್ಚು ಜೋರಾಗಿ ಬಿದ್ದರು ಎಂದು ಜಗಳವೇ ಶುರುವಾಯಿತು. ಅವರಲ್ಲಿ ಒಬ್ಬಳೂ ಹಮಾಮು ಬಿಟ್ಟವಳಲ್ಲ.

ನಾನು ನಕ್ಕೆ. ಸೊಂಟ ಚುಳುಕ್ಕೆಂದಿತು, ಆದರೂ ನಕ್ಕೆ. ಆ ಬಾಗಿದ ಮುದುಕಿ ಹೊರಡುವಾಗ ಮಾಡಿದ್ದನ್ನು ನೋಡಿ ನಗು ನಿಂತಿತು. ಎದ್ದವಳು ಯಾರ ಕಡೆಯೂ ನೋಡದೆ, ಖಾಲಿ ಗಾಳಿಗೆ ಕೈ ಚಾಚಿದಳು. ಹತ್ತಿರವಿದ್ದ ಯಾರೋ, ಅವಳ ಮಗಳೂ ಅಲ್ಲ, ಮಾತು ನಿಲ್ಲಿಸದೆಯೇ ಆ ಕೈ ಹಿಡಿದರು. ಅದರಲ್ಲಿ ಬೇಡುವ ಭಾವವೇ ಇರಲಿಲ್ಲ. ರಾಣಿಯೊಬ್ಬಳು ಕೋಲು ತರಿಸಿಕೊಂಡ ಹಾಗಿತ್ತು.

ಬುರ್ಸಾ, ಎಕ್ಸ್‌ರೇ ಆದ ಮೇಲೆ

ಹೋಟೆಲಿನವರು ಒತ್ತಾಯ ಮಾಡಿ ಕ್ಲಿನಿಕ್ಕಿಗೆ ಕರೆದೊಯ್ದರು. ಮೂಳೆಗೆ ಏನೂ ಆಗಿರಲಿಲ್ಲ. ಸೊಂಟದ ಮೇಲೆ ನೇರಳೆಹಣ್ಣಿನ ಬಣ್ಣ ಮಾತ್ರ.

"ನಾನೇನೂ ನೋಡಿಲ್ಲ," ಅಂದಳು ಜುಬೇದಾ, ನನಗೆ ದಿಂಬು ಸರಿಮಾಡುತ್ತ. "ಅನಿತಾ ಕೇಳಿದ್ರೆ ಮಂಚದ ಮೂಲೆ ತಗುಲ್ತು ಅಂತೀನಿ. ಟರ್ಕಿ ಮಂಚ, ಭಾರೀ ಮಂಚ."

ಆಸೆಯಾಯಿತು. ಯಾಕೆ ಆಗಬಾರದು? ಒಂದು ಮಂಚದ ಮೂಲೆಗೆ ನನ್ನ ಫ್ಲ್ಯಾಟ್ ಉಳಿಯುತ್ತಿತ್ತು. ಆದರೆ ಕದ್ದು ಉಳಿಸಿಕೊಂಡ ಮನೆಯಲ್ಲಿ ಪ್ರತಿ ಸಲ ಕಾಲು ಜಾರಿದಾಗಲೂ ಕದಿಯುತ್ತಲೇ ಇರಬೇಕಲ್ಲ. ಮುಂದೆ ನಾನು ಬೀಳುವುದಿಲ್ಲ ಎಂದು ಯಾವ ದೇವರೂ ಬರೆದುಕೊಟ್ಟಿಲ್ಲ. ಬೀಳುವವರೆಲ್ಲ ಮನೆ ಬಿಡಬೇಕೆಂದಿದ್ದರೆ ಬುರ್ಸಾದ ಅರ್ಧ ಹೆಂಗಸರು ಬೀದಿಯಲ್ಲಿರಬೇಕಿತ್ತು.

ಫೋನ್ ಮಾಡಿದೆ.

"ಅನಿತಾ, ಬಿದ್ದೆ."

ಆ ಕಡೆ ಕುರ್ಚಿ ಸರಿದ ಸದ್ದು. "ವಾಟ್? ಎಲ್ಲಿ? ಹಾಸ್ಪಿಟಲ್‌ನಲ್ಲಿದ್ದೀಯಾ?"

"ಹೋಟೆಲ್‌ನಲ್ಲಿದ್ದೀನಿ. ಹಮಾಮಿನಲ್ಲಿ ಬಿದ್ದೆ. ಎಕ್ಸ್‌ರೇ ಆಯ್ತು, ಏನೂ ಮುರಿದಿಲ್ಲ."

"ಐ ನ್ಯೂ ಇಟ್. ಮಮ್ಮಿ, ವೀ ಹ್ಯಾಡ್ ಎ ಡೀಲ್."

"ಇತ್ತು. ಆ ಡೀಲನ್ನ ನಾನು ಮುರೀತಿದ್ದೀನಿ."

"ಯೂ ಕಾಂಟ್ ಜಸ್ಟ್..."

"ಬಿದ್ದಿದ್ದು ಹೇಳೋಕೆ ಫೋನ್ ಮಾಡ್ದೆ. ಪರ್ಮಿಶನ್ ಕೇಳೋಕಲ್ಲ. ನಾಳಿದ್ದು ಮತ್ತೆ ಹಮಾಮಿಗೆ ಹೋಗ್ತೀನಿ."

ಅವಳು ಫೋನ್ ಇಟ್ಟಳು.

ಹೇಳಿದ ಹಾಗೆಯೇ ಹೋದೆ, ಎಣ್ಣೆ ಇಲ್ಲದೆ. ಹೊಸ್ತಿಲಿನಲ್ಲಿ ನಿಂತು ಕೈ ಚಾಚಿದೆ. ನೆರಿಮಾನ್ ಹಿಡಿದಳು, ಅಷ್ಟೇ. ಬಿಸಿ ಜಗಲಿಯ ಮೇಲೆ ಮಲಗಿಸಿ, ಪೆಟ್ಟಾದ ಜಾಗ ಬಿಟ್ಟು ಉಳಿದೆಲ್ಲ ಕಡೆ ಉಜ್ಜಿದಳು. ಬೂದುಬಣ್ಣದ ಶಾವಿಗೆಯ ಹಾಗೆ ಚರ್ಮ ಸುರುಳಿ ಸುರುಳಿಯಾಗಿ ಬಂತು. ಸಂಕೋಚವಾಯಿತು, ಅವಳಿಗೆ ಮಾತ್ರ ಹೆಮ್ಮೆ, ಒಂದು ಸುರುಳಿ ಎತ್ತಿ ನನಗೇ ತೋರಿಸಿದಳು. ಬಾಣಂತನದ ನಂತರ ನನ್ನ ಬೆನ್ನಿಗೆ ಬೇರೆಯವರ ಕೈ ತಗುಲಿದ್ದು ಅವತ್ತೇ. ಆನೆಗಣ್ಣುಗಳು ಮಸುಕಾದವು. ಹಬೆ ಅಂದುಕೊಳ್ಳಿ.

ಐ-15

ಲಾಸ್ ಏಂಜಲೀಸ್‌ನಲ್ಲಿ ಅನಿತಾ ತಾನೇ ಬಂದಿದ್ದಳು. ನಾನು ಕುಂಟುತ್ತ, ಆದರೆ ನಡೆದುಕೊಂಡೇ ಹೊರಗೆ ಬಂದೆ. ಅಪ್ಪಿಕೊಂಡಳು, ಬೈಯಲಿಲ್ಲ. ಬೈಯದಿದ್ದರೆ ನನಗೆ ಹೆಚ್ಚು ಭಯ. ಜುಬೇದಾಳನ್ನು ರೆಡೊಂಡೊ ಬೀಚಿನಲ್ಲಿ ಇಳಿಸಿ ದಕ್ಷಿಣಕ್ಕೆ ಹೊರಟೆವು. ಮಳೆ ಸಣ್ಣಗೆ ಹಿಡಿದಿತ್ತು.

"ಯೂ ಕುಡ್ ಹ್ಯಾವ್ ಲೈಡ್," ಅಂದಳು ಅನಿತಾ.

"ಜುಬೇದಾ ಆಂಟಿ ರೆಡಿ ಇದ್ಲು, ಮಂಚದ ಮೂಲೆ ತಗುಲ್ತು ಅನ್ನೋಕೆ."

ಅವಳಿಗೆ ನಗು ಬಂತು. ನಗುತ್ತಿದ್ದವಳ ಮುಖ ಹಾಗೆಯೇ ಅಳುಮುಖವಾಯಿತು. "ಮಮ್ಮಿ, ನಿನಗೆ ಬಿದ್ದಿದ್ದು ಗೊತ್ತು. ಅವತ್ತು ಬಾತ್‌ರೂಮ್ ಬಾಗಿಲು ಬಡೀತಾ ನಿಂತಿದ್ದು ನಾನು. ನೀನು ಆನ್ಸರ್ ಮಾಡ್ತಿರ್ಲಿಲ್ಲ."

ಇದನ್ನು ಅವಳು ಮೊದಲು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

"ಚಿಲಕ ಬೇಡ," ಅಂದೆ. "ಅದು ನಿನಗೆ ಬಿಟ್ಟೆ. ಭಾನುವಾರ ಬಂದು ತಲೆಗೆ ನೀರು ಹಾಕು, ಬೆನ್ನು ತಿಕ್ಕು. ಬೇಕಾದಾಗ ನಾನೇ ಕೇಳ್ತೀನಿ, ಜೋರಾಗಿ ಕೇಳ್ತೀನಿ. ಆದರೆ ಫ್ಲ್ಯಾಟ್ ಬಿಡಲ್ಲ ಅನಿತಾ. ಮತ್ತೆ ಬಿದ್ರೂ ಬಿಡಲ್ಲ."

"ಮತ್ತೆ ಬಿದ್ರೂ," ಎಂದು ಅವಳು ನನ್ನ ಮಾತನ್ನೇ ಹಿಂದಕ್ಕೆ ಹೇಳಿದಳು.

"ಮತ್ತೆ ಬಿದ್ರೂ."

ಐ-15 ಹೆದ್ದಾರಿಗೆ ಬಂದೆವು. ರಾಂಚೊ ಬರ್ನಾರ್ಡೊ ಮೊದಲು ಬರುತ್ತದೆ, ಅವಳ ಮನೆ ಇನ್ನೂ ಮುಂದೆ. ನನ್ನ ಮನೆಗಾದರೆ ಬಲಕ್ಕೆ ಸರಿದು ಇಳಿಯಬೇಕು, ಅವಳು ಎಡಗಡೆಯ ಲೇನಿನಲ್ಲಿದ್ದಳು. ವೈಪರ್ ಆಚೆ ಈಚೆ ಹೊಡೆದುಕೊಳ್ಳುತ್ತಿತ್ತು. ನನ್ನ ಎಕ್ಸಿಟ್‌ನ ಹಸಿರು ಬೋರ್ಡು ದೂರದಲ್ಲಿ ಕಂಡಿತು. ನಾಲಿಗೆಯ ತುದಿಗೆ ಬಂದ ಮಾತನ್ನು ಹಲ್ಲು ಕಚ್ಚಿ ತಡೆದೆ. ಹೇಳಬೇಕಾದ್ದನ್ನು ಹೇಳಿಯಾಗಿತ್ತು. ಅವಳು ಒಮ್ಮೆ ಕನ್ನಡಿ ನೋಡಿದಳು, ಹೆಗಲ ಮೇಲಿಂದ ಹಿಂದೆ ನೋಡಿದಳು, ಇಂಡಿಕೇಟರ್ ಹಾಕಿದಳು. ಒಂದು ಲೇನ್, ಇನ್ನೊಂದು ಲೇನ್.

"ಮನೇಲಿ ಹಾಲಿಲ್ಲ," ಅಂದಳು ಬಲಕ್ಕೆ ಇಳಿಯುತ್ತ. "ನಿನ್ನ ಮನೇಲಿ. ತಗೊಂಡು ಹೋಗೋಣ."